ಟ್ರೋಲಿಂಗ್ ಮೋಟರಿಗೆ ಲಿಥಿಯಂ ಹಾಕ್ಲಿಕ್ಕೆ ಹೊರಟವರು ಮೊದ್ಲು ಬಿಎಂಎಸ್ ಕೇಳಿ

ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಯಲ್ಲಿ ಗಾಳ ಹಾಕ್ಲಿಕ್ಕೆ ಟ್ರೋಲಿಂಗ್ ಮೋಟರ್ (ಬ್ಯಾಟರಿಯಲ್ಲಿ ದೋಣಿ ನಡೆಸುವ ಸಣ್ಣ ಮೋಟರ್) ಹಾಕಿದ ಸಣ್ಣ ಫೈಬರ್ ದೋಣಿ ಇಟ್ಕೊಂಡವರಿಗೆ ಗೊತ್ತುಂಟು, ಬ್ಯಾಟರಿ ಹೊರುದೇ ದೊಡ್ಡ ಕೆಲಸ. 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ತುಂಬ್ತದೆ ಅನ್ನುವ ಅಳತೆ) ಲೆಡ್ ಆಸಿಡ್ ಅಂದ್ರೆ ಹತ್ರಹತ್ರ 30 ಕಿಲೋ, ಅದನ್ನ ತೋಟದ ದಾರಿಯಲ್ಲಿ ಕಡವಿನವರೆಗೆ ತರ್ಬೇಕು, ಚಾರ್ಜಿಗೆ ವಾಪಸ್ ಒಯ್ಬೇಕು. ಅಷ್ಟೇ ಎಎಚ್‌ನ ಲಿಥಿಯಂ 10-13 ಕಿಲೋ. ಆದ್ರೆ ಭಾರ ಕಮ್ಮಿ ಅಂತ ಮಾತ್ರ ನೋಡಿ ದುಡ್ಡು ಹಾಕ್ಬೇಡಿ ಮಾರಾಯ್ರೆ, ನೋಡ್ಲಿಕ್ಕೆ ಬೇರೆ ಉಂಟು.

ಮೊದ್ಲು ಎಷ್ಟು ಎಎಚ್ ಬೇಕು ನೋಡುವ. ಲೆಡ್ ಆಸಿಡ್ ಮೇಲೆ ಬರೆದ 100 ಎಎಚ್ ಹೆಚ್ಚಾಗಿ 20 ಗಂಟೆಯ ಲೆಕ್ಕ, ಅಂದ್ರೆ ಬರೀ 5 ಆಂಪ್ ಎಳೆದಾಗ ಸಿಗುವಂಥದ್ದು. ಮೋಟರ್ 30-40 ಆಂಪ್ ಎಳಿಯುವಾಗ ಅಷ್ಟು ಸಿಗುದೇ ಇಲ್ಲ, ಅದರ ಮೇಲೆ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬ್ಯಾಟರಿ ಬೇಗ ಸಾಯ್ತದೆ. ಲಿಥಿಯಂ ಆದ್ರೆ 80 ಎಎಚ್ ಧೈರ್ಯವಾಗಿ ತೆಗೀಬಹುದು, 20 ಆಂಪ್‌ನಲ್ಲಿ ಹೋದ್ರೆ 4 ಗಂಟೆ. ಹಾಗಾಗಿ 100ಕ್ಕೆ 100 ತಗೊಳ್ಬೇಕು ಅಂತಿಲ್ಲ, ಎಷ್ಟೋ ಜನರಿಗೆ 60 ಸಾಕಾಗ್ತದೆ.

ಆದ್ರೆ 60ರದ್ದು ತಗೊಳ್ಳುವಾಗ್ಲೇ ಸಿಕ್ಕಿಬೀಳುದು. ಲಿಥಿಯಂ ಒಳಗೆ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಅಂತ ಬ್ಯಾಟರಿ ಕಾಯುವ ಒಂದು ಬೋರ್ಡ್ ಇರ್ತದೆ, ಅದು ಬಿಡುವಷ್ಟೇ ಕರೆಂಟ್ ಹೊರಗೆ ಬರುದು. 55 ಪೌಂಡಿನ (ಮೋಟರಿನ ಭಾರ ಅಲ್ಲ, ದೋಣಿ ತಳ್ಳುವ ಬಲ) 12 ವೋಲ್ಟ್ ಮೋಟರ್ ಫುಲ್ ಸ್ಪೀಡಲ್ಲಿ 50 ಆಂಪ್ ಹತ್ರ ಎಳೀತದೆ, 30 ಪೌಂಡಿನದ್ದು ಸುಮಾರು 30. ಸಣ್ಣ ಬ್ಯಾಟರಿಯಲ್ಲಿ 50 ಆಂಪಿನ ಬಿಎಂಎಸ್ ಇದ್ರೆ 55 ಪೌಂಡಿಗೆ ಅದು ಅಂಚಿನಲ್ಲೇ ನಡೀತದೆ, ಹುಲ್ಲೋ ಬಲೆ ತುಂಡೋ ಪ್ರೊಪೆಲ್ಲರಿಗೆ ಸುತ್ತಿದ್ರೆ ಕಟ್. ಅಂಗಡಿಯಲ್ಲಿ 'ಪೀಕ್ 100' ಅಂತ ಹೇಳಿದ್ರೆ ತಲೆ ಆಡಿಸ್ಬೇಡಿ, ಕಂಟಿನ್ಯುವಸ್, ಅಂದ್ರೆ ನಿಲ್ಲದೆ ಕೊಡುದು, ಎಷ್ಟು ಅಂತ ಕೇಳಿ. 55 ಪೌಂಡಿಗೆ ನಾನಂತೂ 100 ಆಂಪ್ ಕಂಟಿನ್ಯುವಸ್ಸಿಗಿಂತ ಕಮ್ಮಿ ತಗೊಳ್ಳಿ ಅನ್ನುದಿಲ್ಲ.

ಎರಡನೇ ಪ್ರಶ್ನೆ, ಒಳಗಿನ ಸೆಲ್ ಯಾವುದು. ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಎಲ್‌ಎಫ್‌ಪಿ ಅಂತಾರೆ, 3.2 ವೋಲ್ಟಿನ ನಾಲ್ಕು ಸೆಲ್ ಸೇರಿ 12.8. ಸ್ಕೂಟರಿನ ಹಳೇ ಸೆಲ್ ಬಿಚ್ಚಿ ಕಟ್ಟಿಕೊಡುವವರೂ ಇರ್ತಾರೆ, ಅದು ಎನ್‌ಎಂಸಿ (ಬೇರೆ ಜಾತಿಯ ಲಿಥಿಯಂ ಸೆಲ್) ಆಗಿದ್ದು ನಾಲ್ಕು ಸೆಲ್ ಸೀರೀಸ್ ಹಾಕಿದ್ರೆ ಫುಲ್ ಚಾರ್ಜಲ್ಲಿ 16.8 ವೋಲ್ಟ್, ಮೋಟರಿನ ಬೋರ್ಡ್ ಹೋಗುವ ಸಾಧ್ಯತೆ ಜೋರು. ಎಲ್‌ಎಫ್‌ಪಿಯಲ್ಲೂ ವೋಲ್ಟೇಜ್ ಕೊನೆವರೆಗೆ ಇಳಿಯದೆ ನಿಲ್ತದೆ, ಅದಕ್ಕೇ ಟ್ರೋಲಿಂಗ್ ಮೋಟರ್ ಮಾಡುವ ಮಿನ್‌ಕೋಟಾ ಕಂಪೆನಿಯವರು ಲಿಥಿಯಂನಲ್ಲಿ 85 ಪರ್ಸೆಂಟ್ ಸ್ಪೀಡಿಗಿಂತ ಮೇಲೆ ತುಂಬಾ ಹೊತ್ತು ಓಡಿಸ್ಬೇಡಿ ಅಂತ ಮ್ಯಾನ್ಯುಯಲ್ಲಲ್ಲೇ ಹಾಕಿದ್ದಾರೆ.

ಈ ವೋಲ್ಟೇಜ್ ಇಳಿಯದ ಗುಣದಿಂದ ಇನ್ನೊಂದು ತಾಪತ್ರಯ. ಲೆಡ್ ಆಸಿಡ್ ಖಾಲಿ ಆಗುವಾಗ ದೋಣಿ ನಿಧಾನ ಆಗ್ತದೆ, ನಮಗೆ ಗೊತ್ತಾಗ್ತದೆ. ಲಿಥಿಯಂ ಅದೇ ಸ್ಪೀಡಲ್ಲಿ ಹೋಗ್ತಾ ಹೋಗ್ತಾ ಒಮ್ಮೆಲೇ ನಿಲ್ತದೆ, ಅಳಿವೆ ಹತ್ರ ನೀರು ಇಳಿಯುವ ಹೊತ್ತಿಗೆ ಹಾಗಾದ್ರೆ ದೋಣಿ ಹೋಗುದು ಸಮುದ್ರದ ಕಡೆಗೆ. ವೋಲ್ಟ್ ಮೀಟರ್ ನಂಬ್ಬೇಡಿ, ಶಂಟ್ (ಹೋಗುವ ಕರೆಂಟ್ ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಹಾಕಿ, ಎಷ್ಟು ಎಎಚ್ ಹೋಯ್ತು ಅಂತ ಅದು ಲೆಕ್ಕ ಇಡ್ತದೆ. ದೋಣಿಯಲ್ಲಿ ಹುಟ್ಟು ಇರ್ಲೇಬೇಕು.

ಚಾರ್ಜರ್ ಬೇರೆ ತಗೊಳ್ಳಿ, ಎಲ್‌ಎಫ್‌ಪಿದ್ದೇ, 14.6 ವೋಲ್ಟಿಂದು. ಹಳೇ ಚಾರ್ಜರಲ್ಲಿ ಈಕ್ವಲೈಸ್ ಮೋಡ್ ಇದ್ರೆ 15ರ ಮೇಲೆ ಹೋಗ್ತದೆ, ಅದನ್ನ ಇದಕ್ಕೆ ಕೊಡ್ಲೇಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡ್ಬೇಡಿ ಅಂತ ಲಿಥಿಯಂ ಬ್ಯಾಟರಿ ಮೇಲೆ ಹೆಚ್ಚಾಗಿ ಬರ್ದಿರ್ತದೆ, ಕಾಸರಗೋಡಿನವರು ಅದನ್ನ ಓದಿ ನಗಾಡಿದ್ರೆ ಸಾಕು, ಬಿಸಿಲಿನ ಬಗ್ಗೆ ಮಾತ್ರ ಜಾಗ್ರತೆ. ಇನ್ನು ಔಟ್‌ಬೋರ್ಡ್ ಎಂಜಿನೂ ಇದ್ರೆ ಅದರ ಸ್ಟಾರ್ಟಿಂಗಿಗೆ ಹಳೇ ಲೆಡ್ ಆಸಿಡ್ಡೇ ಇರ್ಲಿ, ಎರಡನ್ನ ಪ್ಯಾರಲಲ್ ಮಾತ್ರ ಮಾಡ್ಬೇಡಿ.

ವೈರಿಂಗ್ ಮುಟ್ಟುವಾಗ ಹಳೇ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಬಿಚ್ಚಿ ನೋಡಿ. ನಮ್ಮ ಹೊಳೆಗಳಲ್ಲಿ ಉಪ್ಪು ನೀರು ಒಳಗೆವರೆಗೆ ಹತ್ತುದರಿಂದ ತಾಮ್ರದ ಎಳೆಗಳ ನಡುವೆ ಹಸಿರು ಕಿಲುಬು ಕೂತಿರ್ತದೆ, ಹೊರಗಿಂದ ಕಾಣುದಿಲ್ಲ, ಅಲ್ಲೇ ಬಿಸಿ ಆಗುದು. ಆ ತುಂಡು ಕಡ್ದು ಹೊಸ ಲಗ್ ಕ್ರಿಂಪ್ ಮಾಡಿಸಿ, ಹೀಟ್ ಶ್ರಿಂಕ್ ಹಾಕಿ, ನಟ್ ಟೈಟ್ ಮಾಡಿದ ಮೇಲೆ ವ್ಯಾಸಲೀನ್ ಸವರಿ. 55 ಪೌಂಡಿಗೆ 16 ಸ್ಕ್ವೇರ್ ಎಂಎಂ ವೈರ್, ಬ್ಯಾಟರಿ ಹತ್ರವೇ ಪ್ಲಸ್ಸಿಗೆ 60 ಆಂಪಿನ ಡಿಸಿ ಬ್ರೇಕರ್. ಮನೆಯ ಎಸಿ ಎಂಸಿಬಿ ಇದಕ್ಕೆ ಆಗುದಿಲ್ಲ.

ಹಿಂದೆ ಇದ್ದ 30 ಕಿಲೋ ಹೋಗಿ 12 ಬಂದಾಗ ದೋಣಿ ಕೂರುವ ರೀತಿ ಬದಲಾಗ್ತದೆ, ಬ್ಯಾಟರಿ ಜಾಗ ಆಚೀಚೆ ಮಾಡಿ ನೋಡಿ.

ಮಳೆಗಾಲದಲ್ಲಿ ದೋಣಿ ಮೇಲೆ ಹಾಕಿದ ಮೇಲೆ ಲಿಥಿಯಮ್ಮನ್ನ ಅರ್ಧ ಚಾರ್ಜಲ್ಲಿ, ಮಾನಿಟರಿನ ವೈರ್ ಸಮೇತ ಬಿಚ್ಚಿ ಮನೆ ಒಳಗೆ ಇಡಿ, ಮಧ್ಯೆ ಒಮ್ಮೆ ಚೆಕ್ ಮಾಡಿದ್ರೆ ಆಯ್ತು. ಹಳೇ ಲೆಡ್ ಆಸಿಡ್ ಗುಜರಿಗೆ ಹಾಕುವ ಮೊದ್ಲು ಬ್ಯಾಟರಿ ಅಂಗಡಿಯಲ್ಲಿ ಎಕ್ಸ್‌ಚೇಂಜ್ ರೇಟ್ ಕೇಳಿ, ಸೀಸಕ್ಕೆ ಬೆಲೆ ಉಂಟು.