ಹಗಲುಗನಸಿನ ಮಾತುಗಳನ್ನು ಚೀಟಿಗೆ ಇಳಿಸುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜನರ ಬಾಯಲ್ಲಿರುವ ಮಾತುಗಳನ್ನು ಕೂಡಿಹಾಕುವಾಗ ಗದ್ದೆ, ತೋಟ, ಅಡುಗೆಮನೆಯ ಪದಗಳು ಸುಲಭವಾಗಿ ಸಿಗುತ್ತವೆ. ಮಳೆಗೆ ಹೊದೆಯುವ ಗೊರಬು ಯಾವುದು ಎಂದರೆ ಜಗಲಿಗೆ ತಂದು ತೋರಿಸುತ್ತಾರೆ. ಕೂತಲ್ಲೇ ಮನಸ್ಸು ಎಲ್ಲಿಗೋ ಹೋಗುವುದಕ್ಕೆ ಇರುವ ಪದಗಳು ಹಾಗೆ ಕೈಗೆ ಬರುವುದಿಲ್ಲ. ಅವಕ್ಕೆ ಬೇರೆಯೇ ಕ್ರಮ ಬೇಕು.

"ಹಗಲುಗನಸಿಗೆ ನಿಮ್ಮಲ್ಲಿ ಏನಂತಾರೆ?" ಎಂದು ನೇರವಾಗಿ ಕೇಳಬಾರದು. ಕೇಳಿದರೆ ಎದುರಿನವರು ಶಾಲೆಯ ಪದ ಹುಡುಕಿ ಸ್ವಪ್ನಲೋಕ, ಕಲ್ಪನಾಲೋಕ ಎನ್ನುತ್ತಾರೆ. ಬದಲಿಗೆ ನಾನು ಒಂದು ಸಂದರ್ಭವನ್ನು ಮುಂದಿಡುತ್ತೇನೆ. ಅಡಿಕೆ ಸುಲಿತ ನಡೆದಿದೆ. ಮೆಟ್ಟುಗತ್ತಿಯ ಮುಂದೆ ಕೂತವಳ ಕೈಯಲ್ಲಿ ಅಡಿಕೆ ಹಾಗೇ ನಿಂತಿದೆ, ಕಣ್ಣು ಅಂಗಳದ ಆಚೆ ನೆಟ್ಟಿದೆ. ಪಕ್ಕದವಳು ಏನು ಹೇಳಿ ಎಚ್ಚರಿಸುತ್ತಾಳೆ? ಆಗ ಉತ್ತರ ತಡೆಯಿಲ್ಲದೆ ಬರುತ್ತದೆ: "ಎಂತ ಮಾರಾಯ್ತಿ, ಗ್ಯಾನ ಎಲ್ಲಿಟ್ಟಿದೀಯೆ? ಕೈ ಕೊಯ್ಕೊಳ್ತೀಯ!" ಈ ಮಾತಿನಲ್ಲಿ ಕನಸೂ ಇಲ್ಲ, ಕಲ್ಪನೆಯೂ ಇಲ್ಲ. ಗ್ಯಾನ ಎಂದರೆ ಇಲ್ಲಿ ಗಮನ. ಅದು ಎಲ್ಲೋ ಇದ್ದರೆ ಹಗಲುಗನಸು, ತಪ್ಪಿದರೆ ಮೂರ್ಛೆ.

ಚೀಟಿಗೆ 3x5 ಇಂಚಿನ ದಪ್ಪ ಕಾಗದ ಸಾಕು. ಒಂದು ಚೀಟಿಗೆ ಒಂದೇ ವಾಕ್ಯ, ಹೇಳಿದ ಹಾಗೆಯೇ. ಕೆಳಗೆ ಯಾರು ಯಾರಿಗೆ ಹೇಳಿದ್ದು, ಯಾವ ಊರು, ಬೈಗುಳವೋ ಮೆಚ್ಚುಗೆಯೋ ಎಂದು ಬರೆಯಬೇಕು. ಬಲಮೂಲೆಯಲ್ಲಿ ಕ್ರಿಯಾಪದ. ಇದನ್ನು ಬಿಟ್ಟವರ ಚೀಟಿಗಳು ಕೊನೆಗೆ ಬರೀ ಸಮಾನಾರ್ಥಕ ಪದಗಳ ರಾಶಿಯಾಗುತ್ತವೆ. ನಾನು ಚೀಟಿಗಳನ್ನು ಜೋಡಿಸುವುದೂ ಕ್ರಿಯಾಪದದ ಮೇಲೆಯೇ, ಏಕೆಂದರೆ ಅರ್ಥವನ್ನು ತಿರುಗಿಸುವುದು ಅದು.

ಕನಸನ್ನೇ ನೋಡಿ. "ಕನಸು ಬಿತ್ತು" ಎಂದರೆ ರಾತ್ರಿಯದು, ಕಂಡವನ ಕೈವಾಡ ಏನೂ ಇಲ್ಲ. "ಕನಸು ಕಂಡ" ನಿದ್ದೆಗೂ ಆಗುತ್ತದೆ, ಎಚ್ಚರಕ್ಕೂ ಆಗುತ್ತದೆ. "ಕನಸು ಕಟ್ಟಿಕೊಂಡಿದ್ದಾನೆ" ಎಚ್ಚರದ್ದು ಮಾತ್ರ, ಅದರಲ್ಲಿ ಸ್ವಲ್ಪ ಮರುಕವೂ ಇರಬಹುದು. ಹಗಲುಗನಸು ಮಾತ್ರ ಕಾಣುವುದೇ ಹೊರತು ಬೀಳುವುದಿಲ್ಲ. ಆ ಪದದಲ್ಲಿ ಆಕ್ಷೇಪಣೆ ಸೇರಿಕೊಂಡಿದೆ, ಆಕ್ಷೇಪಣೆಗೆ ಮಾಡಿದವನೊಬ್ಬ ಬೇಕು. ಗುಂಗು ಇದಕ್ಕೆ ತದ್ವಿರುದ್ಧ: ಅದು ಹಿಡಿಯುತ್ತದೆ, ಬಿಡುತ್ತದೆ, ಜ್ವರದ ಹಾಗೆ. ಗುಂಗಿನಲ್ಲಿದ್ದವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ.

ನುಡಿಗಟ್ಟುಗಳಲ್ಲಿ ಹೆಚ್ಚು ಎಡವಟ್ಟಾಗುತ್ತದೆ, ಎಲ್ಲವನ್ನೂ ಒಂದೇ ಕಟ್ಟಿಗೆ ಸೇರಿಸಿಬಿಡುತ್ತಾರೆ. ಒಂದೇ ತೋಟ ಇಟ್ಟುಕೊಂಡು ಅಳೆದರೆ ವ್ಯತ್ಯಾಸ ಕಾಣುತ್ತದೆ. ಜಾಗವೇ ಇಲ್ಲದೆ ತೋಟದ ಸುಖ ಸವಿಯುತ್ತ ಕೂತವನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾನೆ. ಅಲ್ಲಿ ರುಚಿ ಮುಖ್ಯ, ಯೋಜನೆ ಇಲ್ಲ. (ಮಂಡಿಗೆ ಬೆಳಗಾವಿ ಸೀಮೆಯ ಸಿಹಿ, ನಮ್ಮ ಕಡೆ ಮನೆಯಲ್ಲಿ ಮಾಡದವರೂ ಮಾತಿನಲ್ಲಿ ತಿನ್ನುತ್ತಾರೆ.) ಸಾಲ, ನೀರು, ಆಳು ಯಾವುದೂ ಇಲ್ಲದೆ ಹತ್ತು ಎಕರೆಯ ಲೆಕ್ಕ ಹಾಕಿದರೆ ಗಾಳಿಗೋಪುರ. ಸಸಿ ನೆಟ್ಟ ವರ್ಷವೇ ಕೊಯ್ಲಿನ ದುಡ್ಡು ಹಂಚಿದರೆ ಕೂಸು ಹುಟ್ಟುವ ಮುನ್ನ ಕುಲಾವಿ: ಅಡಿಕೆ ಫಸಲು ಬರುವುದು ನಿಜವೇ, ಆದರೆ ಐದಾರು ವರ್ಷ ಕಳೆಯಬೇಕು. ಆಕಾಶಕ್ಕೆ ಏಣಿ ಹಾಕುವುದು ಇವುಗಳಲ್ಲಿ ಕಟುವಾದದ್ದು. "ನಿನ್ನ ಯೋಗ್ಯತೆಗೆ ಮೀರಿದ್ದು" ಎಂಬ ಚುಚ್ಚು ಅದರಲ್ಲಿದೆ, ಮಕ್ಕಳಿಗೆ ಹೇಳುವ ಮಾತಲ್ಲ.

ಅನುವಾದ ಮಾಡುವವರಿಗೂ ಪಾಠ ಬರೆಯುವವರಿಗೂ ಈ ಚೀಟಿಗಳು ಹೆಚ್ಚು ಉಪಯೋಗಕ್ಕೆ ಬರುವುದು ಮುಂದಿನ ವಿಷಯದಲ್ಲಿ. "ಊಹಿಸಿ, ನೀವು ಒಂದು ಕಾಡಿನಲ್ಲಿದ್ದೀರಿ" ಎಂಬ ವಾಕ್ಯ ಕನ್ನಡದ ಕಿವಿಗೆ ತಲೆಕೆಳಗಾಗಿ ಕೇಳುತ್ತದೆ. ಮೊದಲು ಕಾಡು ಬರಬೇಕು, ಕೊನೆಗೆ ಕ್ರಿಯಾಪದ: "ನೀವು ಕಾಡಿನಲ್ಲಿದ್ದೀರಿ ಅಂತಿಟ್ಟುಕೊಳ್ಳಿ." ಮನೆಯಲ್ಲಿ ಮಗು ಕೇಳುವುದೂ ಇದನ್ನೇ: "ನಿನ್ನ ಹತ್ರ ನೂರು ರೂಪಾಯಿ ಇದೆ ಅಂತಿಟ್ಕೋ." ಊಹಿಸು ಎಂದರೆ ಸುಳಿವು ಹಿಡಿದು ಅಂದಾಜು ಮಾಡುವುದು, ಕಾಲ್ಪನಿಕ ಚಿತ್ರಕ್ಕೆ ಅದು ಒಗ್ಗುವುದಿಲ್ಲ. ಕಲ್ಪಿಸು ಎಂದು ಮೊಟಕಾಗಿ ಬರೆದರೆ ಇನ್ನೊಂದು ತೊಡಕು: "ಗ್ರಾಮಕ್ಕೆ ಬಸ್ ಸೌಲಭ್ಯ ಕಲ್ಪಿಸಿದರು" ಎಂದರೆ ಬಸ್ಸು ನಿಜವಾಗಿ ಬಂದಿದೆ. "ಕಲ್ಪಿಸಿಕೊಂಡರು" ಎಂದರೆ ಬಂದಿಲ್ಲ. ಕೊಳ್ಳು ಸೇರಿದಾಗ ಕೆಲಸ ಹೊರಗಿನಿಂದ ಒಳಮನಸ್ಸಿಗೆ ತಿರುಗುತ್ತದೆ. ಅಂದುಕೊ, ಅಂತಿಟ್ಟುಕೊ, ನೆನೆಸಿಕೊ, ಎಲ್ಲದರಲ್ಲೂ ಅದೇ ಕೊಳ್ಳು. ಕರಡು ತಿದ್ದುವಾಗ ನಾನು ಮೊದಲು ಹುಡುಕುವುದು ಇದನ್ನೇ.

ಪ್ರತಿಭೆ ಎಂಬ ಪದವನ್ನೂ ಎಚ್ಚರದಿಂದ ಬಳಸಬೇಕು. ಕಾವ್ಯಮೀಮಾಂಸೆಯಲ್ಲಿ ಅದು ಕವಿಯ ಹೊಸಹೊಸತನ್ನು ಕಾಣಿಸುವ ಶಕ್ತಿ. ಆದರೆ ಪ್ರತಿಭಾ ಕಾರಂಜಿಯಲ್ಲಿ ಹಾಡಿದ ಮಕ್ಕಳ ಅಪ್ಪ-ಅಮ್ಮನಿಗೆ ಅದು ಬರೀ ಜಾಣ್ಮೆ. ಓದುಗರು ಯಾರು ಎಂದು ನೋಡಿ ಬರೆಯಬೇಕು.

ಚೀಟಿ ತುಂಬಿದ ಮೇಲೆಯೇ ನಿಘಂಟು ತೆರೆಯುವುದು ಒಳ್ಳೆಯದು. 1894ರ ಕಿಟೆಲ್ ನಿಘಂಟಿನಲ್ಲಿ ಗಾದೆಗಳು ಸಾಕಷ್ಟಿವೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳಲ್ಲಿ ಶಾಸನ, ಕಾವ್ಯಗಳ ಪ್ರಯೋಗಗಳು ಸಿಗುತ್ತವೆ. ಇಂದಿನ ಆಡುಮಾತನ್ನು ಮಾತ್ರ ಜಗಲಿಯಲ್ಲೇ ಕೇಳಬೇಕು.

ಊರಿನ ಹೆಸರಿಲ್ಲದ ಚೀಟಿಯನ್ನು ನಾನು ಇಟ್ಟುಕೊಳ್ಳುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಎಣಿಸು ಎಂದರೆ ನೋಟು ಎಣಿಸುವುದು. ಆಗುಂಬೆ ಘಾಟಿ ಇಳಿದರೆ "ನಾನು ಹಾಗೆ ಎಣಿಸಿರಲಿಲ್ಲ" ಎನ್ನುವವರು ಸಿಗುತ್ತಾರೆ. ಅಲ್ಲಿ ಅದರ ಅರ್ಥ ಅಂದುಕೊಳ್ಳುವುದು. ಊರು ಗೊತ್ತಿಲ್ಲದಿದ್ದರೆ ಆ ವಾಕ್ಯವನ್ನು ಎರಡರಲ್ಲಿ ಯಾವ ಕಟ್ಟಿಗೂ ಸೇರಿಸಲಾಗದು.