ಚಿತ್ರದ ಗೋಡೆ ಮತ್ತು ಚಳಿಗೆ ಬಂದವರು

ಹಳೇ ಚರ್ಚುಗಳ ಭಿತ್ತಿಚಿತ್ರ ಉಳಿಸುವುದು ನನ್ನ ಕೆಲಸ. ಚಳಿಗಾಲದ ರಾತ್ರಿ ಮನೆಯಿಲ್ಲದವರು ಮಲಗುವ ಒಂದು ಚರ್ಚಿನ ಕೆಲಸ ಹಿಡಿದಾಗ ಸಮಿತಿಯವರು ಮೊದಲು ಕೇಳಿದ್ದೇ, ‘ಇವರನ್ನ ಬೇರೆ ಕಡೆ ಕಳಿಸಿಬಿಡೋಣ್ವಾ?’ ಅಂತ. ಮೊದಲು ಗೋಡೆ ನೋಡೋಣ ಅಂದೆ.

ಟಾರ್ಚನ್ನು ಓರೆಯಾಗಿ ಹಿಡಿದರೆ ಸಂತರ ಕೆಂಪು ನಿಲುವಂಗಿಯ ತುಂಬ ಎದ್ದ ಚಕ್ಕೆಗಳು, ಒಂದೊಂದಕ್ಕೂ ಒಂದು ನೆರಳು. ಚಕ್ಕೆಯ ಅಡಿಯಲ್ಲಿ ಬಿಳಿ ಪುಡಿ. ಪರೀಕ್ಷೆ ಮಾಡಿಸಿದರೆ ಹೆಚ್ಚಿನದು ಅಡುಗೆ ಉಪ್ಪೇ! ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಅದು ಕರಗುತ್ತದೆ, ಇಳಿದರೆ ಮತ್ತೆ ಹರಳುಗಟ್ಟುತ್ತದೆ. ಹರಳಾಗುವಾಗ ಬಣ್ಣವನ್ನು ಒಳಗಿಂದ ತಳ್ಳುತ್ತದೆ. ದಿನಾ ಹೀಗಾದರೆ ಚಿತ್ರ ಉದುರದೆ ಇರುತ್ತಾ?

ಸಂಜೆ ಬಿಸಿಗಾಳಿ ಹೀಟರ್ ಹಾಕಿದ ಕೂಡಲೇ ತೇವಾಂಶ ಸರ್ರನೆ ಇಳಿಯುತ್ತಿತ್ತು, ಆರಿಸಿದರೆ ಏರುತ್ತಿತ್ತು. ಸುಮ್ನೆ ಮಲಗಿದ ಮನುಷ್ಯನೂ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಬಿಡುತ್ತಾನೆ, ನಿಜ. ಆದರೆ ಗೋಡೆಗೆ ಅದಕ್ಕಿಂತ ಜಾಸ್ತಿ ನೀರು ಬರುತ್ತಿದ್ದದ್ದು ಸೂರಿನ ಒಡೆದ ಪೈಪಿನಿಂದ. ಹೊರಗಡೆ ಯಾರೋ ಸಿಮೆಂಟ್ ಮೆತ್ತಿದ್ದರಿಂದ ಆ ನೀರು ಆರುತ್ತಲೂ ಇರಲಿಲ್ಲ. ಪೈಪು ಬದಲಾಯಿಸಿ, ಸಿಮೆಂಟ್ ಕಿತ್ತು, ಸುಣ್ಣದ ಗಾರೆ ಮಾಡಿಸಿದೆ.

ಇನ್ನು ಹೀಟರ್. ಬೆಚ್ಚಗಾಗಬೇಕಾದದ್ದು ಮನುಷ್ಯ, ಇಡೀ ಕಟ್ಟಡ ಅಲ್ಲ, ಅಲ್ವಾ? ಇಟಲಿಯ ರೊಕ್ಕಾ ಪಿಯೆತೊರೆ ಎಂಬ ಬೆಟ್ಟದೂರಿನ ಚರ್ಚಿನಲ್ಲಿ ಬೆಂಚುಗಳಿಗೇ ಹೀಟರ್ ಜೋಡಿಸಿ ನೋಡಿದ್ದರು. ನಾವು ಬಿಸಿಗಾಳಿ ನಿಲ್ಲಿಸಿ, ಹಾಸಿಗೆಗಳಿಗೆ ವಿದ್ಯುತ್ ಕಂಬಳಿ ಕೊಟ್ಟು, ಅವನ್ನು ಚಿತ್ರದಿಂದ ದೂರಕ್ಕೆ ಸರಿಸಿದೆವು.

ಎದ್ದ ಚಕ್ಕೆಗಳ ಮೇಲೆ ತೆಳು ಜಪಾನಿ ಕಾಗದ ಇಟ್ಟು, ಅದರ ಮೂಲಕ ಬ್ರಷ್‌ನಿಂದ ಅಂಟು ಇಳಿಸಿ, ಮೆತ್ತಗೆ ಒತ್ತಿ ಕೂರಿಸಿದ್ದು ನಾನೇ. ಅದನ್ನು ಹೊಸ ಕೈಗೆ ಕೊಡಲ್ಲ. ಆದರೆ ಸುಣ್ಣ ಕಲಸುವುದು, ಪೈಪಿನ ಎಲೆ ತೆಗೆಯುವುದು, ತೇವಾಂಶದ ಮೀಟರ್ ಓದಿ ಬರೆಯುವುದನ್ನು ಅಲ್ಲಿ ಮಲಗುತ್ತಿದ್ದವರಿಗೇ ಕಲಿಸಿದೆ, ಸಂಬಳ ಕೊಟ್ಟು. ಕೈಯಲ್ಲಿ ಕಾಸಿಲ್ಲದವರಿಂದ ‘ಸೇವೆ’ ಅಂತ ಬಿಟ್ಟಿ ದುಡಿಸಿಕೊಳ್ಳುವುದು ನನಗೆ ಸರಿಬರಲ್ಲ.

ಮೀಟರ್ ಬರೆಯುತ್ತಿದ್ದ ಹಿರಿಯರೊಬ್ಬರು ಒಂದಿನ, ‘ಮೇಡಂ, ಒದ್ದೆ ಕೋಟು ಒಳಗೆ ಒಣಹಾಕಿದ ರಾತ್ರಿನೇ ಇದು ಏರೋದು’ ಅಂದರು. ನನ್ನ ಗ್ರಾಫಿನಲ್ಲಿ ಏರಿಕೆ ಇತ್ತು, ಕೋಟು ಇರಲಿಲ್ಲ. ಪಕ್ಕದ ಕೋಣೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಕೋಟುಗಳನ್ನು ಅಲ್ಲಿಗೆ ಕಳಿಸಿದೆವು. ಆ ಖರ್ಚನ್ನು ಚಿತ್ರ ಸಂರಕ್ಷಣೆಯ ಲೆಕ್ಕಕ್ಕೇ ಬರೆದೆ. ಸಮಿತಿಯವರು ಸ್ವಲ್ಪ ಗೊಣಗಿ ಸಹಿ ಹಾಕಿದರು.