1780ರ ದಖ್ಖನ್ ನಕ್ಷೆಯಲ್ಲಿ ಡಿಪ್ಲೊಮಸಿ: ನಾಲ್ಕು ಶಕ್ತಿಗಳನ್ನು ಸರಿದೂಗಿಸುವ ಬಗೆ

ನಕ್ಷೆಯ ಮೇಲೆ ಪಡೆಗಳನ್ನು ನಡೆಸಿ, ಮಾತುಕತೆಯಿಂದ ಮೈತ್ರಿ ಕಟ್ಟುವ ಡಿಪ್ಲೊಮಸಿ ಎಂಬ ಹಲಗೆ ಆಟದಲ್ಲಿ ದಾಳವಿಲ್ಲ, ಒಂದು ಪಡೆಯ ಬಲ ಇನ್ನೊಂದರಷ್ಟೇ. ಆದ್ದರಿಂದ ಈ ಆಟಕ್ಕೆ ಹೊಸ ಐತಿಹಾಸಿಕ ನಕ್ಷೆ ರೂಪಿಸುವವರು ಸಮತೋಲವನ್ನು ಪಡೆಗಳ ಸಂಖ್ಯೆಗಿಂತ ಮೊದಲು ಗಡಿಗಳಲ್ಲಿ ಹುಡುಕಬೇಕು. 1959ರ ಮೂಲ ಆಟದಲ್ಲಿ ರಷ್ಯಾಕ್ಕೆ ನಾಲ್ಕು ಪಡೆಗಳಿದ್ದು ಉಳಿದ ಆರು ದೇಶಗಳಿಗೆ ಮೂರು ಮೂರು ಇದ್ದರೂ ಆ ಹೆಚ್ಚಿನ ಪಡೆ ರಷ್ಯಾದ ಉದ್ದನೆಯ ಗಡಿಯನ್ನು ಕಾಯುವುದರಲ್ಲೇ ಸವೆದುಹೋಗುತ್ತದೆ. ನಡುವೆ ಸಿಲುಕಿದ ಆಸ್ಟ್ರಿಯಾ ಬೇಗ ಅಳಿಯುವ ಅಪಾಯ ಎಷ್ಟೆಂಬುದು ಆಡಿದವರಿಗೆಲ್ಲ ಗೊತ್ತು.

1780ರ ದಖ್ಖನ್ನಿನಲ್ಲಿ ಆಸ್ಟ್ರಿಯಾದ ಪಾಡು ಹೈದರಾಬಾದಿನ ನಿಜಾಮನದು. ಈ ನಕ್ಷೆಯಲ್ಲಿ ಅವನಿಗೆ ಕಡಲಿಲ್ಲ, ಮರಾಠರು, ಮೈಸೂರು, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಮೂವರೂ ನೆರೆಯವರು. ಅವನಿಗೆ ನಾಲ್ಕನೆಯ ಪಡೆ ಕೊಡುವುದು ಸುಲಭದ ದಾರಿಯಾದರೂ ಒಳ್ಳೆಯ ದಾರಿಯಲ್ಲ, ಏಕೆಂದರೆ ಆಗ ಮೂವರಿಗೂ ಅವನ ಮೇಲೆ ಒಟ್ಟಾಗಿ ಬೀಳಲು ನೆಪ ಸಿಗುತ್ತದೆ. ಅದಕ್ಕಿಂತ ಆದೋನಿಯನ್ನು ತಟಸ್ಥ ಕೇಂದ್ರವಾಗಿಟ್ಟು (ಅಂದರೆ ಆರಂಭದಲ್ಲಿ ಯಾರದೂ ಅಲ್ಲದ, ಗೆದ್ದವರಿಗೆ ಇನ್ನೊಂದು ಪಡೆಗೆ ಆಧಾರವಾಗುವ ಪ್ರಾಂತ್ಯ) ನಿಜಾಮನ ರಾಯಚೂರಿಗೆ ನೇರವಾಗಿ ತಾಗಿಸಿ, ಬೆಂಗಳೂರಿಗೂ ಅದಕ್ಕೂ ನಡುವೆ ಆಗ ಮೈಸೂರಿನ ಹೈದರನ ವಶದಲ್ಲಿದ್ದ ಗುತ್ತಿಯನ್ನು ಕೇಂದ್ರವಿಲ್ಲದ ಪ್ರಾಂತ್ಯವಾಗಿ ಬರೆಯಿರಿ. ಆಟದ ಪ್ರತಿ ವರ್ಷಕ್ಕೆ ವಸಂತ, ಶರತ್ಕಾಲ ಎಂಬ ಎರಡು ಸುತ್ತು. ವಸಂತದಲ್ಲಿ ರಾಯಚೂರಿನ ಸೇನೆ ಆದೋನಿಯನ್ನು ಹೊಕ್ಕರೆ ಹೈದರಾಬಾದಿನ ಸೇನೆ ರಾಯಚೂರಿಗೆ ಬಂದು ಶರತ್ಕಾಲದಲ್ಲಿ ಬೆಂಬಲ ಕೊಡಬಹುದು, ಅಂದರೆ ಪಕ್ಕದಲ್ಲಿದ್ದುಕೊಂಡೇ ತನ್ನ ಬಲವನ್ನು ಆದೋನಿಯ ಸೇನೆಗೆ ಕೂಡಿಸಬಹುದು. ಅದೇ ವಸಂತದಲ್ಲಿ ಮೈಸೂರಿನ ಸೇನೆ ಗುತ್ತಿಯವರೆಗೆ ಮಾತ್ರ ಬಂದಿರುತ್ತದೆ. ಮೈಸೂರು ಒಂಟಿಯಾಗಿ ಆದೋನಿಯನ್ನು ಕೀಳಲಾರದು. ಒಂದು ಪ್ರಾಂತ್ಯದ ಗೆರೆ ಇಷ್ಟು ಕೆಲಸ ಮಾಡುತ್ತದೆ. ಉಳಿದ ತಟಸ್ಥ ಕೇಂದ್ರಗಳಲ್ಲಿ ಸವಣೂರು ಮತ್ತು ಗೋವೆಯನ್ನು ಮರಾಠರಿಗೂ ಮೈಸೂರಿಗೂ ಸಮದೂರದಲ್ಲಿಟ್ಟರೆ ಸಾಕು.

ಕಂಪನಿಯ ತೊಡಕು ಬೇರೆ. ಬೊಂಬಾಯಿ ಪಶ್ಚಿಮ ಕರಾವಳಿಯಲ್ಲಿದ್ದರೆ ಮದ್ರಾಸು ಪೂರ್ವದಲ್ಲಿದೆ. ಈ ಅಂತರವೇ ಅದರ ನಿಜವಾದ ದೌರ್ಬಲ್ಯವಾದ್ದರಿಂದ ಸಮುದ್ರ ಪ್ರಾಂತ್ಯಗಳನ್ನು ಕಡಿಮೆ ಮಾಡಿ ಅದನ್ನು ಅಳಿಸಬಾರದು. ಬಂಗಾಳವನ್ನು ನಕ್ಷೆಗೆ ಸೇರಿಸಿದರೆ ಕಂಪನಿಯನ್ನು ಯಾರೂ ಮುಗಿಸಲಾಗದು, ಪೂರ್ತಿ ಬಿಟ್ಟರೆ 1780ರ ಕೊನೆಗೆ ಕಂಪನಿಯ ಸೇನಾಪತಿ ಐರ್ ಕೂಟ್ ಬಂಗಾಳದಿಂದ ಕಡಲ ಮೂಲಕ ಮದ್ರಾಸಿನ ನೆರವಿಗೆ ಬಂದ ಸಂಗತಿಗೆ ಆಟದಲ್ಲಿ ಜಾಗವಿಲ್ಲ. ಆದ್ದರಿಂದ ಕಲ್ಕತ್ತೆಯನ್ನು ನಕ್ಷೆಯ ಹೊರಗಿನ ಚೌಕವಾಗಿಟ್ಟು, ಅಲ್ಲಿ ಕಟ್ಟಿದ ಪಡೆ ಒಂದು ವರ್ಷ ತಡವಾಗಿ ಬಂಗಾಳ ಕೊಲ್ಲಿಯನ್ನು ಸೇರುವಂತೆ ನಿಯಮ ಮಾಡುವುದು ನ್ಯಾಯವೆಂದು ನನಗೆ ತೋರುತ್ತದೆ.

ಮೈಸೂರಿಗೆ ಮಂಗಳೂರಿನಲ್ಲಿ ಸೇನೆಯ ಬದಲು ನೌಕಾಪಡೆಯನ್ನೇ ಕೊಡಿ. ಇಲ್ಲದಿದ್ದರೆ ಅದರ ಮೂರೂ ಪಡೆಗಳು ಒಳನಾಡಿಗೆ ನುಗ್ಗುತ್ತವೆ, ಆಗ ನಿಜಾಮನಿಗಾಗಿ ಮಾಡಿದ ಏರ್ಪಾಡೆಲ್ಲ ವ್ಯರ್ಥವಾಗುತ್ತದೆ.

ಪರೀಕ್ಷೆಗೆ ಇತಿಹಾಸವೇ ಅಳತೆಗೋಲನ್ನು ಕೊಟ್ಟಿದೆ. 1780ರಲ್ಲಿ ಮೈಸೂರು, ಮರಾಠರು ಮತ್ತು ನಿಜಾಮ ಕಂಪನಿಯ ವಿರುದ್ಧ ಕೂಡಿದ್ದರು. 1790ರಲ್ಲಿ ಅದೇ ಮರಾಠರೂ ನಿಜಾಮನೂ ಕಂಪನಿಯ ಜೊತೆ ಸೇರಿ ಟಿಪ್ಪುವಿನ ಮೇಲೆ ಬಂದರು, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ನಿಮ್ಮ ನಕ್ಷೆಯಲ್ಲಿ ಈ ಎರಡೂ ಕೂಟಗಳು ಸಹಜವಾಗಿ ಹುಟ್ಟಬೇಕು. ಬೇರೆ ಬೇರೆ ಆಟಗಾರರು ಕುಳಿತಾಗಲೂ ಒಂದೇ ಕೂಟ ಮರುಕಳಿಸಿದರೆ, ಮೊದಲ ವರ್ಷದ ಆದೇಶ ಚೀಟಿಗಳನ್ನು ತೆಗೆದು ಯಾವ ತಟಸ್ಥ ಕೇಂದ್ರಕ್ಕೆ ಯಾರೂ ಪೈಪೋಟಿ ಮಾಡಲಿಲ್ಲ ಎಂದು ನೋಡಿ, ಅದರ ಸುತ್ತಲಿನ ಒಂದೇ ಒಂದು ಗಡಿಯನ್ನು ತಿದ್ದಿ ಮತ್ತೆ ಆಡಿಸಿ.